ಕರಾವಳಿಯ ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಮತ್ತು ತೆರಿಗೆಯ ಮಾರ್ಗದರ್ಶಿ

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಜಮೆಯಾದ ಹಣದ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ, ಅನೇಕ ಬೇಕರಿ, ಕಾಂಡಿಮೆಂಟ್ಸ್ ಮತ್ತು ತರಕಾರಿ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ವಹಿವಾಟಿನ ಮಿತಿ ದಾಟಿದವರು ಜಿಎಸ್‌ಟಿ (ಸರಕು ಮತ್ತು ಸೇವಾ ತೆರಿಗೆ) ನೋಂದಣಿ ಮಾಡಿಕೊಳ್ಳಲೇಬೇಕು ಎಂದು ಆ ತಿಂಗಳ 23ರ ಸಭೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಬಳಿಕ ಆತಂಕ ಸ್ವಲ್ಪ ತಗ್ಗಿತು. ಫಲಕಗಳನ್ನು ತೆಗೆದದ್ದೂ ಆಯಿತು. ಆದರೆ ಆತಂಕದ ಮೂಲ ಹಾಗೆಯೇ ಉಳಿದಿದೆ: ಖಾತೆಗೆ ಬಂದ ಹಣದಲ್ಲಿ ಎಷ್ಟು ವ್ಯಾಪಾರದ್ದು, ಎಷ್ಟು ಮನೆಯದ್ದು, ಮಾರಿದ ಸರಕಿನಲ್ಲಿ ಎಷ್ಟಕ್ಕೆ ತೆರಿಗೆಯೇ ಇಲ್ಲ ಎಂಬುದನ್ನು ತೋರಿಸುವ ಪುಸ್ತಕ ಬಹಳಷ್ಟು ಅಂಗಡಿಗಳಲ್ಲಿ ಇಂದಿಗೂ ಇಲ್ಲ.

ಸಣ್ಣ ವ್ಯಾಪಾರದ ಮೇಲೆ ಕಾನೂನು ಹೊರಿಸುವ ತೆರಿಗೆ ಬಹುಮಟ್ಟಿಗೆ ಹಗುರವಾದದ್ದು. ಲೆಕ್ಕವಿಲ್ಲದಾಗ ಅದೇ ತೆರಿಗೆ, ಬಡ್ಡಿ ಮತ್ತು ದಂಡ ಸೇರಿ ವ್ಯಾಪಾರವನ್ನೇ ಮುಳುಗಿಸುವಷ್ಟು ಭಾರವಾಗುತ್ತದೆ. ಆದ್ದರಿಂದ ಈ ಲೇಖನವು ತೆರಿಗೆಯ ದರಗಳಿಂದ ಆರಂಭವಾಗದೆ ಲೆಕ್ಕದ ಪುಸ್ತಕದಿಂದ ಆರಂಭವಾಗುತ್ತದೆ. ಮಂಗಳೂರು ಮತ್ತು ಉಡುಪಿಯ ದಿನಸಿ ಅಂಗಡಿ, ಹೋಟೆಲು, ಮೀನಿನ ವ್ಯವಹಾರ, ಸಣ್ಣ ವರ್ಕ್‌ಶಾಪು ಮತ್ತು ಮನೆ ಉದ್ಯಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಮೊದಲ ಹೆಜ್ಜೆ: ಮನೆಯ ಹಣ ಬೇರೆ, ಅಂಗಡಿಯ ಹಣ ಬೇರೆ

ನಮ್ಮ ಊರುಗಳಲ್ಲಿ ಅಂಗಡಿಯವರ ಬ್ಯಾಂಕ್ ಖಾತೆಗೆ ವ್ಯಾಪಾರದ ಹಣವಷ್ಟೇ ಬರುವುದಿಲ್ಲ. ಗಲ್ಫ್‌ನಲ್ಲಿರುವ ಮಗ ಮನೆ ಖರ್ಚಿಗೆ ಕಳುಹಿಸಿದ ಹಣ, ಚಿನ್ನ ಅಡವಿಟ್ಟು ಪಡೆದ ಸಾಲ, ಚೀಟಿ ಎತ್ತಿದ ಮೊತ್ತ, ಸ್ವಸಹಾಯ ಸಂಘದ ಸಾಲದ ಕಂತು ಎಲ್ಲವೂ ಅದೇ ಖಾತೆಗೆ ಸೇರುತ್ತವೆ. ಊರಿನ ಗಣೇಶೋತ್ಸವ ಸಮಿತಿಗೋ ಬಯಲಾಟದ ಖರ್ಚಿಗೋ ಕೋಶಾಧಿಕಾರಿಯಾಗಿರುವ ಅಂಗಡಿಯವರು ತಮ್ಮದೇ ಕ್ಯೂಆರ್ ಕೋಡ್ ತೋರಿಸಿ ವಂತಿಗೆ ಸಂಗ್ರಹಿಸುವುದೂ ಸಾಮಾನ್ಯ. ಕೊಡುವವರ ಮತ್ತು ಪಡೆಯುವವರ ನಡುವಿನ ನಂಬಿಕೆಯಿಂದ ಇವೆಲ್ಲ ಸುಗಮವಾಗಿ ನಡೆಯುತ್ತವೆ. ಆದರೆ ತೆರಿಗೆ ಇಲಾಖೆಯ ಗಣಕಯಂತ್ರಕ್ಕೆ ಕಾಣುವುದು ವರ್ಷದ ಒಟ್ಟು ಜಮೆ ಮಾತ್ರ, ಮತ್ತು ಅದು ವಹಿವಾಟಲ್ಲ ಎಂದು ಸಾಬೀತುಪಡಿಸುವ ಹೊಣೆ ನೋಟಿಸ್ ಬಂದ ಮೇಲೆ ವ್ಯಾಪಾರಿಯ ಹೆಗಲಿಗೇ ಬೀಳುತ್ತದೆ.

ಆದ್ದರಿಂದ ಅಂಗಡಿಯ ಹೆಸರಿನಲ್ಲಿ ಒಂದು ಚಾಲ್ತಿ ಖಾತೆಯನ್ನು ತೆರೆದು, ಗಲ್ಲಾಪೆಟ್ಟಿಗೆಯ ಬಳಿಯಿರುವ ಕ್ಯೂಆರ್ ಕೋಡನ್ನು ಆ ಖಾತೆಗೆ ಮಾತ್ರ ಜೋಡಿಸಬೇಕು. ಸಂಬಂಧಿಕರ ಹಣ, ಸಾಲ, ಚೀಟಿ ಇವು ಉಳಿತಾಯ ಖಾತೆಗೇ ಬರಲಿ. ಸಮಿತಿಯ ಹಣಕ್ಕೆ ಸಮಿತಿಯ ಹೆಸರಿನಲ್ಲೇ ಖಾತೆ ಇರಲಿ. ಇದನ್ನು ಹೇಳಲು ಸಂಕೋಚವಾಗುತ್ತದೆಂದು ಸುಮ್ಮನಿರುವುದು ಬೇಡ, ಸಮಿತಿಯವರಿಗೂ ಅದರಿಂದ ಒಳಿತೇ ಆಗುತ್ತದೆ. ಮನೆ ಖರ್ಚಿಗೆ ಅಂಗಡಿಯ ಖಾತೆಯಿಂದ ಹಣ ತೆಗೆಯುವುದಾದರೆ ತಿಂಗಳಿಗೆ ಒಂದೆರಡು ಬಾರಿ ದುಂಡು ಮೊತ್ತವಾಗಿ ತೆಗೆದು ‘ಸ್ವಂತಕ್ಕೆ’ ಎಂದು ಬರೆದಿಡುವುದು ಒಳ್ಳೆಯದು.

ಇನ್ನು ದಿನವಹಿ. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಗೆರೆ ಹಾಕಿದ ಒಂದು ದಪ್ಪ ಪುಸ್ತಕ ಸಾಕು. ರಾತ್ರಿ ಬಾಗಿಲು ಹಾಕುವ ಮುನ್ನ ಅಂದಿನ ನಗದು ಮಾರಾಟ, ಯುಪಿಐ ಮಾರಾಟ, ಸಾಲಕ್ಕೆ ಕೊಟ್ಟದ್ದು, ಹಳೆಯ ಸಾಲ ವಸೂಲಾದದ್ದು, ಖರೀದಿ, ಖರ್ಚು, ಕೈಯಲ್ಲಿ ಉಳಿದ ನಗದು ಇಷ್ಟನ್ನು ಬರೆಯಬೇಕು. ಸಾಲಕ್ಕೆ ಕೊಟ್ಟ ಸರಕು ಜಿಎಸ್‌ಟಿಯ ದೃಷ್ಟಿಯಲ್ಲಿ ಕೊಟ್ಟ ದಿನವೇ ಮಾರಾಟವಾದಂತೆ. ಹಣ ಮೂರು ತಿಂಗಳ ನಂತರ ಬಂದಾಗ ಅದನ್ನು ಮತ್ತೊಮ್ಮೆ ಮಾರಾಟವೆಂದು ಬರೆದರೆ ವಹಿವಾಟು ಇಮ್ಮಡಿಯಾಗಿ ಕಾಣುತ್ತದೆ. ಜೊತೆಗೆ, ಮಾರಾಟವನ್ನು ಬರೆಯುವಾಗಲೇ ತೆರಿಗೆ ಇರುವ ಸರಕು ಮತ್ತು ತೆರಿಗೆ ಇಲ್ಲದ ಸರಕು ಎಂದು ಎರಡು ಕಾಲಮುಗಳನ್ನು ಮಾಡಿಕೊಳ್ಳುವುದು ಬಹಳ ಮುಖ್ಯ. ಅದರ ಬೆಲೆ ಏನೆಂಬುದು ಮುಂದಿನ ಹೆಜ್ಜೆಗಳಲ್ಲಿ ತಿಳಿಯುತ್ತದೆ.

ತೆರಿಗೆಯ ಹಣವನ್ನು ದಿನದಿನವೇ ಬದಿಗಿಡುವ ಅಭ್ಯಾಸವೂ ಇಲ್ಲಿಯೇ ಆರಂಭವಾಗಬೇಕು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿನಿಂದ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿದ ನೆಲವಿದು. ತೆರಿಗೆಯನ್ನೂ ಹಾಗೆಯೇ ಕೂಡಿಡಬಹುದು: ಅಂದಂದಿನ ಮಾರಾಟದಲ್ಲಿ ಸರ್ಕಾರಕ್ಕೆ ಸಲ್ಲಬೇಕಾದ ಪಾಲನ್ನು ಅಂದೇ ಇನ್ನೊಂದು ಖಾತೆಗೆ ವರ್ಗಾಯಿಸಿದರೆ, ಕಂತು ಕಟ್ಟುವ ದಿನ ಬಂದಾಗ ಸಾಲಕ್ಕೆ ಓಡಬೇಕಾಗುವುದಿಲ್ಲ. ಮಳೆಗಾಲದಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಲ್ಲುವುದರಿಂದ ಬಂದರಿನ ಸುತ್ತಲಿನ ಎಲ್ಲ ವ್ಯಾಪಾರವೂ ತಗ್ಗುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದ ತೆರಿಗೆ ಕಟ್ಟುವ ದಿನ ಬರುವುದು ಸರಿಯಾಗಿ ಆ ಜುಲೈ ತಿಂಗಳಲ್ಲಿಯೇ.

ಎರಡನೆಯ ಹೆಜ್ಜೆ: ನೋಂದಣಿಯ ಮಿತಿಯನ್ನು ಸರಿಯಾಗಿ ಎಣಿಸುವುದು

ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಈ ಮೊತ್ತ ಲಾಭದ್ದಲ್ಲ, ಒಟ್ಟು ಮಾರಾಟದ್ದು. ನಗದು, ಯುಪಿಐ, ಸಾಲ ಎಲ್ಲವೂ ಅದರಲ್ಲಿ ಸೇರುತ್ತವೆ. ಆದ್ದರಿಂದ ಯುಪಿಐ ನಿಲ್ಲಿಸಿದರೆ ಮಿತಿಯಿಂದ ಪಾರಾಗಬಹುದು ಎಂಬ ಎಣಿಕೆಗೆ ಆಧಾರವಿಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ, ಒಂದೇ ಪಾನ್ ಸಂಖ್ಯೆಯಡಿ ಎಷ್ಟು ಅಂಗಡಿಗಳಿದ್ದರೂ, ಎಲ್ಲವನ್ನೂ ಒಟ್ಟು ಕೂಡಿಸಿ ಎಣಿಸಬೇಕು.

ಇದಕ್ಕಿಂತ ಮುಖ್ಯವಾದದ್ದು, ತೆರಿಗೆ ವಿನಾಯಿತಿ ಇರುವ ಸರಕಿನ ಮಾರಾಟವೂ ಈ ಒಟ್ಟು ಮೊತ್ತದಲ್ಲಿ ಸೇರುತ್ತದೆ ಎಂಬುದು. ತಾಜಾ ಮೀನು, ಮಲ್ಲಿಗೆ ಹೂವು, ತರಕಾರಿ, ಹಾಲು, ಬಿಡಿ ಅಕ್ಕಿ, ಹಪ್ಪಳ ಇವುಗಳಿಗೆ ತೆರಿಗೆಯಿಲ್ಲ. ಇಂಥ ಸರಕನ್ನು ಮಾತ್ರ ಮಾರುವವರು, ವಹಿವಾಟು ಕೋಟಿಯಾದರೂ, ನೋಂದಣಿ ಮಾಡಿಕೊಳ್ಳಬೇಕಾಗಿಲ್ಲ. ಶಂಕರಪುರ ಮಲ್ಲಿಗೆಯ ವ್ಯಾಪಾರಿ ಹೂವನ್ನಷ್ಟೇ ಮಾರುತ್ತಿದ್ದರೆ ನಿಶ್ಚಿಂತೆಯಿಂದಿರಬಹುದು. ಆದರೆ ತರಕಾರಿ ಅಂಗಡಿಯವರು ಬದಿಯಲ್ಲಿ ಬಿಸ್ಕತ್ತು, ಸೋಪು, ಚಿಪ್ಸ್ ಇಟ್ಟ ಕೂಡಲೇ ಆ ರಕ್ಷಣೆ ಹೋಗುತ್ತದೆ. ಆಗ ತರಕಾರಿಯ ಮಾರಾಟವನ್ನೂ ಸೇರಿಸಿ 40 ಲಕ್ಷ ಮೀರಿತೇ ಎಂದು ನೋಡಬೇಕಾಗುತ್ತದೆ, ತೆರಿಗೆಯನ್ನು ಮಾತ್ರ ಬಿಸ್ಕತ್ತು, ಸೋಪು, ಚಿಪ್ಸಿನ ಮೇಲಷ್ಟೇ ಕಟ್ಟಬೇಕು.

40 ಲಕ್ಷದ ಮಿತಿ ಸರಕನ್ನು ಮಾತ್ರ ಮಾರುವವರಿಗೆ ಎಂಬ ಮಾತನ್ನೂ ಅಕ್ಷರಶಃ ತೆಗೆದುಕೊಳ್ಳಬೇಕು. ಅಂಗಡಿಯ ಮೂಲೆಯಲ್ಲಿ ಜೆರಾಕ್ಸ್ ಯಂತ್ರವಿದ್ದರೆ, ಕೊರಿಯರ್ ಅಥವಾ ರೀಚಾರ್ಜ್ ಕಮಿಷನ್ ಬರುತ್ತಿದ್ದರೆ, ಸ್ವಂತ ಕಟ್ಟಡದ ಪಕ್ಕದ ಕೋಣೆಯನ್ನು ಇನ್ನೊಂದು ಅಂಗಡಿಗೆ ಬಾಡಿಗೆ ಕೊಟ್ಟಿದ್ದರೆ ಅದು ಸೇವೆಯೂ ಆಗುವುದರಿಂದ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಹೋಟೆಲು, ಕ್ಯಾಂಟೀನುಗಳಲ್ಲಿ ಊಟ ತಿಂಡಿ ಬಡಿಸುವುದನ್ನು ಕಾನೂನು ಸೇವೆಯೆಂದೇ ಎಣಿಸುತ್ತದೆ, ಹಾಗಾಗಿ ಅವರಿಗೂ 20 ಲಕ್ಷವೇ ಮಿತಿ. ಐಸ್‌ಕ್ರೀಮಿಗೆ ಹೆಸರಾದ ಮಂಗಳೂರಿನವರು ತಪ್ಪದೆ ತಿಳಿದಿರಬೇಕಾದ ಇನ್ನೊಂದು ನಿಯಮವಿದೆ: ಐಸ್‌ಕ್ರೀಮ್, ಪಾನ್ ಮಸಾಲ, ತಂಬಾಕು ಉತ್ಪನ್ನಗಳನ್ನು ಮಾರುವವರಿಗೆ 40 ಲಕ್ಷದ ಸೌಲಭ್ಯ ಅನ್ವಯಿಸುವುದಿಲ್ಲ.

ಗಡಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ತಲಪಾಡಿ ದಾಟಿದರೆ ಕೇರಳ. ಮಂಗಳೂರಿನ ವ್ಯಾಪಾರಿಯೊಬ್ಬರು ಮಂಜೇಶ್ವರದ ಅಂಗಡಿಗೆ ತೆರಿಗೆಯುಳ್ಳ ಸರಕನ್ನು ಕಳುಹಿಸಿದರೆ ಅದು ಅಂತರರಾಜ್ಯ ಮಾರಾಟ. ಅದಕ್ಕೆ ಯಾವ ಮಿತಿಯೂ ಇಲ್ಲ, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಮುಂಬಯಿಯ ಗಿರಾಕಿಗಳಿಗೆ ಚಕ್ಕುಲಿ, ಬಾಳೆಕಾಯಿ ಚಿಪ್ಸ್ ಪಾರ್ಸೆಲ್ ಮಾಡುವ ಉಡುಪಿಯ ಮನೆ ಉದ್ಯಮಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಕಾಸರಗೋಡಿನ ಗಿರಾಕಿ ನಿಮ್ಮ ಅಂಗಡಿಗೇ ಬಂದು, ಬಿಲ್ಲಿನಲ್ಲಿ ವಿಳಾಸ ಬರೆಸದೆ ಮನೆ ಬಳಕೆಗೆ ಚಿಲ್ಲರೆಯಾಗಿ ಕೊಂಡು ಹೋದರೆ ಮಾತ್ರ ಅದು ರಾಜ್ಯದೊಳಗಿನ ಮಾರಾಟವಾಗುತ್ತದೆ.

ಮಿತಿ ದಾಟಿದ ದಿನದಿಂದ 30 ದಿನಗಳೊಳಗೆ ಅರ್ಜಿ ಹಾಕಬೇಕು. ಹಾಗೆ ಹಾಕಿದವರು ಮಿತಿ ದಾಟಿದ ನಂತರದ ಮಾರಾಟಕ್ಕಷ್ಟೇ ತೆರಿಗೆ ಕೊಡುತ್ತಾರೆ. ಅದಕ್ಕೆ ಮುಂಚಿನ 40 ಲಕ್ಷಕ್ಕೂ ತೆರಿಗೆ ಬೀಳುತ್ತದೆ ಎಂಬ ಹೆದರಿಕೆಗೆ ಕಾರಣವಿಲ್ಲ. ದಿನವಹಿ ಇದ್ದವರಿಗೆ ಈ ದಿನಾಂಕ ಯಾವುದೆಂದು ಗೊತ್ತಿರುತ್ತದೆ.

ಮೂರನೆಯ ಹೆಜ್ಜೆ: ನೋಂದಣಿ

ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಪಾನ್, ಆಧಾರ್, ಭಾವಚಿತ್ರ, ಅಂಗಡಿಯ ವಿಳಾಸಕ್ಕೆ ವಿದ್ಯುತ್ ಬಿಲ್ ಅಥವಾ ಆಸ್ತಿ ತೆರಿಗೆ ರಸೀದಿ, ಬಾಡಿಗೆಯಾದರೆ ಕರಾರು ಪತ್ರ ಇಷ್ಟು ಸಿದ್ಧವಿರಬೇಕು. ವಿದ್ಯುತ್ ಬಿಲ್ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಇರುವುದು, ಕರಾರಿನಲ್ಲಿ ಬಾಗಿಲು ಸಂಖ್ಯೆ ತಪ್ಪಿರುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಅರ್ಜಿ ಹಾಕುವ ಮೊದಲೇ ಅವನ್ನು ಸರಿಪಡಿಸಿಕೊಳ್ಳಬೇಕು. ಅರ್ಜಿಯಲ್ಲಿ ಕೊಡುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ನಿಮ್ಮದೇ ಆಗಿರಲಿ, ಅರ್ಜಿ ತುಂಬಿಸಿಕೊಡುವವರದ್ದು ಬೇಡ. ಮುಂದೆ ಎಲ್ಲ ನೋಟಿಸುಗಳೂ ಒಟಿಪಿಗಳೂ ಬರುವುದು ಅಲ್ಲಿಗೇ. ನೋಂದಣಿ ಸಿಕ್ಕ ಮೇಲೆ ಬ್ಯಾಂಕ್ ಖಾತೆಯ ವಿವರವನ್ನು 30 ದಿನಗಳೊಳಗೆ ಸೇರಿಸದಿದ್ದರೆ ನೋಂದಣಿ ಅಮಾನತಾಗಬಹುದು. ಪ್ರಮಾಣಪತ್ರವನ್ನು ಅಂಗಡಿಯೊಳಗೂ, ಜಿಎಸ್‌ಟಿ ಸಂಖ್ಯೆಯನ್ನು ಹೊರಗಿನ ನಾಮಫಲಕದಲ್ಲೂ ಹಾಕಬೇಕು.

ನಾಲ್ಕನೆಯ ಹೆಜ್ಜೆ: ಕಾಂಪೊಸಿಷನ್ ಬೇಕೇ, ಸಾಮಾನ್ಯ ಪದ್ಧತಿ ಬೇಕೇ?

ಹಿಂದಿನ ವರ್ಷದ ವಹಿವಾಟು ಒಂದೂವರೆ ಕೋಟಿ ರೂಪಾಯಿಯನ್ನು ಮೀರದ ವ್ಯಾಪಾರಿಗಳು ಮತ್ತು ಉತ್ಪಾದಕರು ಕಾಂಪೊಸಿಷನ್ ಎಂದು ಎಲ್ಲರೂ ಕರೆಯುವ ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಳ್ಳಬಹುದು. ಇದರಲ್ಲಿ ವ್ಯಾಪಾರಿಗಳಿಗೆ ತೆರಿಗೆಯುಳ್ಳ ಮಾರಾಟದ ಮೇಲೆ ಶೇಕಡಾ 1, ಉತ್ಪಾದಕರಿಗೆ ಒಟ್ಟು ಮಾರಾಟದ ಮೇಲೆ ಶೇಕಡಾ 1, ಮದ್ಯ ಬಡಿಸದ ಹೋಟೆಲುಗಳಿಗೆ ಶೇಕಡಾ 5 ತೆರಿಗೆ. ಸೇವೆ ಒದಗಿಸುವವರಿಗೆ 50 ಲಕ್ಷದ ಮಿತಿಯೊಳಗೆ ಶೇಕಡಾ 6.

ದಿನಸಿ ಅಂಗಡಿಯೊಂದರ ಲೆಕ್ಕವನ್ನು ನೋಡೋಣ. ವರ್ಷದ ಒಟ್ಟು ಮಾರಾಟ 48 ಲಕ್ಷ ರೂಪಾಯಿ. ಅದರಲ್ಲಿ ಬಿಡಿ ಅಕ್ಕಿ, ತರಕಾರಿ, ಹಾಲು, ತೆಂಗಿನಕಾಯಿ ಸೇರಿ ತೆರಿಗೆಯಿಲ್ಲದ ಮಾರಾಟ 30 ಲಕ್ಷ, ಉಳಿದ 18 ಲಕ್ಷ ತೆರಿಗೆಯುಳ್ಳದ್ದು. ಒಟ್ಟು 40 ಲಕ್ಷ ಮೀರಿದ್ದರಿಂದ ನೋಂದಣಿ ಬೇಕೇ ಬೇಕು. ಆದರೆ ಕಾಂಪೊಸಿಷನ್‌ನಲ್ಲಿ ಕಟ್ಟಬೇಕಾದದ್ದು 18 ಲಕ್ಷದ ಶೇಕಡಾ 1, ಅಂದರೆ ವರ್ಷಕ್ಕೆ 18,000 ರೂಪಾಯಿ ಮಾತ್ರ. ದಿನವಹಿಯಲ್ಲಿ ಎರಡು ಕಾಲಮುಗಳಿಲ್ಲದೆ ಪೂರ್ತಿ 48 ಲಕ್ಷವನ್ನೂ ತೆರಿಗೆಯುಳ್ಳದ್ದೆಂದು ಒಪ್ಪಿಕೊಳ್ಳಬೇಕಾಗಿ ಬಂದರೆ ಅದು 48,000 ಆಗುತ್ತದೆ. ನೋಂದಣಿಯೇ ಇಲ್ಲದೆ ಸಿಕ್ಕಿಬಿದ್ದವರಿಗಂತೂ ಕಾಂಪೊಸಿಷನ್ನಿನ ಈ ದರವೂ ದೊರೆಯುವುದಿಲ್ಲ. ಆಯಾ ಸರಕಿನ ಪೂರ್ಣ ದರ, ವರ್ಷಕ್ಕೆ ಶೇಕಡಾ 18ರ ಬಡ್ಡಿ, ಮೇಲೆ ದಂಡ ಬೀಳುತ್ತದೆ. 18,000ಕ್ಕೂ ಅದಕ್ಕೂ ಇರುವ ಅಂತರವನ್ನು ಪ್ರತಿಯೊಬ್ಬ ಅಂಗಡಿಯವರೂ ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು.

ಕಾಂಪೊಸಿಷನ್‌ನ ಷರತ್ತುಗಳೂ ಗೊತ್ತಿರಲಿ. ಗಿರಾಕಿಯಿಂದ ತೆರಿಗೆಯನ್ನು ಪ್ರತ್ಯೇಕವಾಗಿ ಪಡೆಯುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು (ತೆರಿಗೆ ಜಮೆ) ತಾವು ಕಟ್ಟುವ ತೆರಿಗೆಯಿಂದ ಕಡಿತ ಮಾಡಿಕೊಳ್ಳುವಂತಿಲ್ಲ, ಬೇರೆ ರಾಜ್ಯಕ್ಕೆ ಸರಕು ಮಾರುವಂತಿಲ್ಲ, ಐಸ್‌ಕ್ರೀಮ್ ತಯಾರಕರು ಇದಕ್ಕೆ ಸೇರುವಂತಿಲ್ಲ. ನಿಮ್ಮ ಗಿರಾಕಿಗಳು ಬೇರೆ ನೋಂದಾಯಿತ ವ್ಯಾಪಾರಿಗಳಾಗಿದ್ದರೆ ಅವರಿಗೆ ನಿಮ್ಮ ಬಿಲ್ಲಿನಿಂದ ತೆರಿಗೆ ಜಮೆ ಸಿಗುವುದಿಲ್ಲ, ಹಾಗಾಗಿ ಅವರು ಬೇರೆಯವರ ಬಳಿ ಹೋಗುತ್ತಾರೆ. ಬೈಕಂಪಾಡಿ ಅಥವಾ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪಿಗೆ, ಗಿರಾಕಿಯಿಂದ ತೆರಿಗೆ ಪಡೆದು ಖರೀದಿಯ ತೆರಿಗೆಯನ್ನು ಕಳೆದು ಉಳಿದದ್ದನ್ನು ಕಟ್ಟುವ ಸಾಮಾನ್ಯ ಪದ್ಧತಿಯೇ ಸೂಕ್ತ. ಬಳಕೆದಾರರಿಗೆ ನೇರವಾಗಿ ಮಾರುವ ಅಂಗಡಿಗೆ ಕಾಂಪೊಸಿಷನ್ ಒಳ್ಳೆಯದು.

ಹೋಟೆಲಿನವರ ಸ್ಥಿತಿ ಬೇರೆ. ಸಾಮಾನ್ಯ ಪದ್ಧತಿಯಲ್ಲೂ ಊಟ ತಿಂಡಿಗೆ ಶೇಕಡಾ 5ರ ತೆರಿಗೆಯೇ ಇದ್ದು, ಖರೀದಿಯ ತೆರಿಗೆ ಜಮೆ ಇಲ್ಲಿಯೂ ಸಿಗುವುದಿಲ್ಲ. ವ್ಯತ್ಯಾಸವೆಂದರೆ ಸಾಮಾನ್ಯ ಪದ್ಧತಿಯಲ್ಲಿ ಆ ಶೇಕಡಾ 5ನ್ನು ಬಿಲ್ಲಿನಲ್ಲಿ ಗಿರಾಕಿಯಿಂದ ಪಡೆಯಬಹುದು, ಕಾಂಪೊಸಿಷನ್‌ನಲ್ಲಿ ಕೈಯಿಂದ ಕೊಡಬೇಕು. ಬದಲಿಗೆ ಅದರಲ್ಲಿ ರಿಟರ್ನ್ ಎಂಬ ವಿವರಪಟ್ಟಿಗಳನ್ನು ಸಲ್ಲಿಸುವ ಕೆಲಸ ಕಡಿಮೆ. ಸ್ವಿಗ್ಗಿ, ಜೊಮ್ಯಾಟೊ ಮೂಲಕ ಹೋಗುವ ಊಟದ ಮೇಲಿನ ಜಿಎಸ್‌ಟಿಯನ್ನು 2022ರ ಜನವರಿ 1ರಿಂದ ಆ ಕಂಪನಿಗಳೇ ಕಟ್ಟುತ್ತಿವೆ, ಆದರೆ ಆ ಮಾರಾಟವೂ ಹೋಟೆಲಿನ ವಹಿವಾಟಿನಲ್ಲಿ ಎಣಿಕೆಯಾಗುತ್ತದೆ. ಅದನ್ನು ಬಿಟ್ಟು ಲೆಕ್ಕ ಹಾಕಿ 20 ಲಕ್ಷದೊಳಗೇ ಇದ್ದೇವೆ ಎಂದುಕೊಂಡಿರುವವರು ಮತ್ತೊಮ್ಮೆ ಎಣಿಸಿ ನೋಡುವುದು ಲೇಸು.

ಐದನೆಯ ಹೆಜ್ಜೆ: ಬಿಲ್ಲು ಮತ್ತು ರಿಟರ್ನ್

ಬಿಲ್ಲುಗಳಿಗೆ ವರ್ಷದುದ್ದಕ್ಕೂ ಒಂದರ ನಂತರ ಒಂದರಂತೆ ಸಾಗುವ ಕ್ರಮಸಂಖ್ಯೆ ಇರಬೇಕು. 200 ರೂಪಾಯಿಗಿಂತ ಕಡಿಮೆಯ ಚಿಲ್ಲರೆ ಮಾರಾಟಕ್ಕೆ ಗಿರಾಕಿ ಕೇಳದಿದ್ದರೆ ಪ್ರತ್ಯೇಕ ಬಿಲ್ಲು ಬೇಡ, ದಿನದ ಕೊನೆಗೆ ಎಲ್ಲವನ್ನೂ ಸೇರಿಸಿ ಒಂದು ಬಿಲ್ಲು ಬರೆದರಾಯಿತು. ಕಾಂಪೊಸಿಷನ್‌ನಲ್ಲಿರುವವರು ತೆರಿಗೆಯನ್ನು ತೋರಿಸದ ‘ಬಿಲ್ ಆಫ್ ಸಪ್ಲೈ’ ಕೊಟ್ಟು, ತಾವು ತೆರಿಗೆ ಸಂಗ್ರಹಿಸಲು ಅರ್ಹರಲ್ಲ ಎಂಬುದನ್ನು ಅದರ ಮೇಲ್ಭಾಗದಲ್ಲಿ ಮುದ್ರಿಸಬೇಕು. 50,000 ರೂಪಾಯಿಗಿಂತ ಹೆಚ್ಚಿನ ಸರಕು ಲಾರಿ ಹತ್ತುವ ಮೊದಲು ಸರಕು ಸಾಗಣೆಯ ಆನ್‌ಲೈನ್ ಪತ್ರವಾದ ಇ-ವೇ ಬಿಲ್ ತೆಗೆಯಬೇಕು.

ಕಾಂಪೊಸಿಷನ್‌ನವರು ಪ್ರತಿ ತ್ರೈಮಾಸಿಕದ ನಂತರದ ತಿಂಗಳ 18ರೊಳಗೆ ಸಿಎಂಪಿ-08 ಎಂಬ ನಮೂನೆಯ ಮೂಲಕ ತೆರಿಗೆ ಕಟ್ಟಿ, ವರ್ಷಕ್ಕೊಮ್ಮೆ ಜೂನ್ 30ರೊಳಗೆ ಜಿಎಸ್‌ಟಿಆರ್-4 ಎಂಬ ರಿಟರ್ನ್ ಸಲ್ಲಿಸಿದರೆ ಸಾಕು. ಸಾಮಾನ್ಯ ಪದ್ಧತಿಯಲ್ಲಿರುವವರಿಗೆ ಮುಂದಿನ ತಿಂಗಳ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆಯ ಲೆಕ್ಕ ತೋರಿಸಿ ಕಟ್ಟುವ ಜಿಎಸ್‌ಟಿಆರ್-3ಬಿ. ವಹಿವಾಟು 5 ಕೋಟಿಯೊಳಗಿದ್ದರೆ ತ್ರೈಮಾಸಿಕ ರಿಟರ್ನ್ ಆಯ್ದುಕೊಳ್ಳಬಹುದು. ಆಗ ಜಿಎಸ್‌ಟಿಆರ್-1ಕ್ಕೆ 13, ಕರ್ನಾಟಕದವರ 3ಬಿಗೆ 22 ಕೊನೆಯ ದಿನ. ಆದರೆ ತ್ರೈಮಾಸಿಕದ ಮೊದಲ ಎರಡು ತಿಂಗಳ ತೆರಿಗೆಯನ್ನು ಆಯಾ ಮುಂದಿನ ತಿಂಗಳ 25ರೊಳಗೆ ಚಲನ್ ಮೂಲಕ ಕಟ್ಟಿರಬೇಕು. ವ್ಯಾಪಾರವೇ ಆಗದ ಅವಧಿಗೂ ಶೂನ್ಯ ರಿಟರ್ನ್ ಸಲ್ಲಿಸಲೇಬೇಕು, ಇಲ್ಲದಿದ್ದರೆ ದಿನಕ್ಕೆ 20 ರೂಪಾಯಿ ವಿಳಂಬ ಶುಲ್ಕ. ತೆರಿಗೆ ಇರುವ ರಿಟರ್ನ್‌ಗೆ ದಿನಕ್ಕೆ 50 ರೂಪಾಯಿ. ಮೀನುಗಾರಿಕೆಯ ರಜೆಯಲ್ಲಿ ಅಂಗಡಿ ಮುಚ್ಚುವ ಬಂದರಿನ ಐಸ್, ಬಲೆ, ಹಗ್ಗದ ವ್ಯಾಪಾರಿಗಳು ಇದನ್ನು ಮರೆಯಬಾರದು.

ಖರೀದಿಯ ತೆರಿಗೆ ಜಮೆಗೆ ಕೈಯಲ್ಲಿ ಬಿಲ್ಲಿದ್ದರೆ ಸಾಲದು. ಸರಕು ಕೊಟ್ಟವರು ಆ ಬಿಲ್ಲನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿ, ಅದು ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಎಂಬ ನಿಮ್ಮ ಖರೀದಿ ಪಟ್ಟಿಯಲ್ಲಿ ಕಾಣಿಸಿಕೊಳ್ಳಬೇಕು. ತಿಂಗಳ 14ರ ನಂತರ ಅದನ್ನು ತೆಗೆದು ಖರೀದಿ ಬಿಲ್ಲುಗಳ ಜೊತೆ ತಾಳೆ ನೋಡಿ, ಬಿಟ್ಟುಹೋದ ಬಿಲ್ಲಿನ ಬಗ್ಗೆ ಸಗಟು ವ್ಯಾಪಾರಿಗೆ ಅಂದೇ ಫೋನ್ ಮಾಡಬೇಕು. ಬಿಲ್ಲು, ಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕೆಂದು ಕಾನೂನು ಹೇಳುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಬಿಲ್ ಯಂತ್ರದ ಥರ್ಮಲ್ ಕಾಗದದ ಮೇಲಿನ ಅಕ್ಷರಗಳು ಅಳಿಸಿಹೋಗುವುದರಿಂದ ಖರೀದಿ ಬಿಲ್ಲುಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಆರನೆಯ ಹೆಜ್ಜೆ: ಅಂಗಡಿಯ ಬಾಡಿಗೆಯಲ್ಲಿ ಅಡಗಿರುವ ತೆರಿಗೆ

ಈ ಭಾಗದಲ್ಲಿ ಇದರ ಬಗ್ಗೆ ಸಾಕಷ್ಟು ಎಚ್ಚರಿಕೆ ಇಲ್ಲ. 2024ರ ಅಕ್ಟೋಬರ್ 10ರಿಂದ, ಜಿಎಸ್‌ಟಿ ನೋಂದಣಿ ಇಲ್ಲದ ಮಾಲೀಕರಿಂದ ವಾಣಿಜ್ಯ ಕಟ್ಟಡವನ್ನು ಬಾಡಿಗೆಗೆ ಪಡೆದ ನೋಂದಾಯಿತ ವ್ಯಾಪಾರಿಯೇ ಆ ಬಾಡಿಗೆಯ ಮೇಲೆ ಶೇಕಡಾ 18ರ ತೆರಿಗೆಯನ್ನು ಸರ್ಕಾರಕ್ಕೆ ಕಟ್ಟಬೇಕು. ತಿಂಗಳ ಬಾಡಿಗೆ 30,000 ರೂಪಾಯಿಯಾದರೆ ತೆರಿಗೆ 5,400. ಸಾಮಾನ್ಯ ಪದ್ಧತಿಯ ವ್ಯಾಪಾರಿಗೆ ಅದು ಜಮೆಯಾಗಿ ಮರಳುತ್ತದೆ, ಶೇಕಡಾ 5ರ ಹೋಟೆಲಿಗೆ ಮರಳುವುದಿಲ್ಲ. ಕಾಂಪೊಸಿಷನ್‌ನಲ್ಲಿರುವವರಿಗೆ ಇದರಿಂದ 2025ರ ಜನವರಿಯಲ್ಲಿ ವಿನಾಯಿತಿ ದೊರೆತಿದೆ. ಬಾಡಿಗೆ ಕಟ್ಟಡದಲ್ಲಿರುವ ಸಣ್ಣ ಹೋಟೆಲಿನವರು ಪದ್ಧತಿಯನ್ನು ಆಯ್ಕೆ ಮಾಡುವಾಗ ಈ ಮೊತ್ತವನ್ನು ಖಂಡಿತವಾಗಿ ಗಣನೆಗೆ ತೆಗೆದುಕೊಳ್ಳಬೇಕು.

ಎರಡನೆಯದು ಮಾಲೀಕರು ವಿದೇಶದಲ್ಲಿರುವಾಗಿನ ಪ್ರಶ್ನೆ. ದುಬೈ, ಕುವೈತ್, ಮಸ್ಕತ್‌ನಲ್ಲಿ ದುಡಿದವರು ಕಟ್ಟಿಸಿದ ಕಾಂಪ್ಲೆಕ್ಸುಗಳು ಕರಾವಳಿಯ ಪ್ರತಿ ಪೇಟೆಯಲ್ಲೂ ಇವೆ. ಮಾಲೀಕರು ಆದಾಯ ತೆರಿಗೆ ಕಾನೂನಿನ ಪ್ರಕಾರ ಅನಿವಾಸಿಯಾಗಿದ್ದರೆ, ಬಾಡಿಗೆ ಎಷ್ಟೇ ಸಣ್ಣದಾದರೂ, ಬಾಡಿಗೆದಾರರು ಸಾಮಾನ್ಯವಾಗಿ ಶೇಕಡಾ 31.2ರಷ್ಟನ್ನು ಮೂಲದಲ್ಲೇ ಕಡಿತ ಮಾಡಿ, ತೆರಿಗೆ ಕಡಿತ ಮಾಡುವವರಿಗೆ ಇಲಾಖೆ ಕೊಡುವ ಟಾನ್ ಸಂಖ್ಯೆ ಪಡೆದು, ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಕಡಿತ ಮಾಡದಿದ್ದರೆ ಆ ಹಣ ಮತ್ತು ಬಡ್ಡಿಯನ್ನು ಬಾಡಿಗೆದಾರರಿಂದಲೇ ವಸೂಲು ಮಾಡುತ್ತಾರೆ. ಮಾಲೀಕರು ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರವನ್ನು ತರಿಸಿಕೊಡಬಹುದು. ಕರಾರಿಗೆ ಸಹಿ ಹಾಕುವ ಮೊದಲೇ, ಬಾಡಿಗೆಯ ಹಣ ಪಡೆಯುವವರು ಊರಿನಲ್ಲಿರುವ ಮಾಲೀಕರ ತಂದೆಯಾದರೂ ಕಟ್ಟಡದ ಒಡೆಯರು ಯಾರು ಎಂದು ಕೇಳಿ ತಿಳಿದು, ಈ ಮಾತನ್ನು ಕರಾರಿನಲ್ಲಿ ಬರೆಸಿಕೊಳ್ಳುವುದರಿಂದ ಮುಂದಿನ ಮನಸ್ತಾಪ ತಪ್ಪುತ್ತದೆ.

ಏಳನೆಯ ಹೆಜ್ಜೆ: ಆದಾಯ ತೆರಿಗೆ

2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬರುವುದರೊಂದಿಗೆ ಕಲಮುಗಳ ಸಂಖ್ಯೆಗಳು ಬದಲಾಗುತ್ತವೆ, ಆದರೆ ಆಡಿಟರುಗಳು 44ಎಡಿ ಎಂದು ಕರೆಯುತ್ತಿದ್ದ ಅಂದಾಜು ಆದಾಯದ ಪದ್ಧತಿ ಮುಂದುವರಿಯುತ್ತದೆ. ವಹಿವಾಟು 2 ಕೋಟಿಯೊಳಗಿದ್ದರೆ, ನಗದಾಗಿ ಬಂದದ್ದು ಶೇಕಡಾ 5ನ್ನು ಮೀರದಿದ್ದಲ್ಲಿ 3 ಕೋಟಿಯೊಳಗಿದ್ದರೆ, ವಿವರವಾದ ಲೆಕ್ಕಪತ್ರ ಮತ್ತು ಆಡಿಟ್ ಇಲ್ಲದೆಯೇ ನಗದು ಮಾರಾಟದ ಶೇಕಡಾ 8 ಹಾಗೂ ಬ್ಯಾಂಕ್ ಮತ್ತು ಯುಪಿಐ ಮೂಲಕ ಬಂದ ಮಾರಾಟದ ಶೇಕಡಾ 6ನ್ನು ಆದಾಯವೆಂದು ತೋರಿಸಬಹುದು. ಹೋಟೆಲೊಂದರ ವಹಿವಾಟು 36 ಲಕ್ಷವಾಗಿದ್ದು, ಅದರಲ್ಲಿ 24 ಲಕ್ಷ ಯುಪಿಐಯಲ್ಲಿ, 12 ಲಕ್ಷ ನಗದಿನಲ್ಲಿ ಬಂದಿದೆ ಎಂದುಕೊಳ್ಳಿ. 24 ಲಕ್ಷದ ಶೇಕಡಾ 6 ಎಂದರೆ 1,44,000, 12 ಲಕ್ಷದ ಶೇಕಡಾ 8 ಎಂದರೆ 96,000. ಒಟ್ಟು ಆದಾಯ 2,40,000 ರೂಪಾಯಿ. ಯುಪಿಐಯಿಂದ ತೆರಿಗೆ ಹೆಚ್ಚುತ್ತದೆ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು.

2025–26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಒಟ್ಟು ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆ ಶೂನ್ಯವಾಗುತ್ತದೆ. ಹಾಗಿದ್ದೂ ರಿಟರ್ನ್ ಸಲ್ಲಿಸುವುದನ್ನು ಬಿಡಬಾರದು, ನಿಜವಾದ ಲಾಭ ಶೇಕಡಾ 6ಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದ್ದನ್ನೇ ತೋರಿಸಬೇಕು. ಕಾನೂನು ಕೇಳುವುದೂ ಅದನ್ನೇ. ವ್ಯಾಪಾರ ವಿಸ್ತರಣೆಗೆ ಸಾಲ ಕೇಳಲು ಹೋದಾಗ ಬ್ಯಾಂಕು ನೋಡುವುದು ರಿಟರ್ನ್‌ನಲ್ಲಿರುವ ಆದಾಯವನ್ನು. ವರ್ಷಗಟ್ಟಲೆ ಅದನ್ನು ಕುಗ್ಗಿಸಿ ತೋರಿಸಿದವರಿಗೆ ಆಗ ಸಿಗುವ ಸಾಲವೂ ಕುಗ್ಗುತ್ತದೆ. ತೆರಿಗೆ ಇದ್ದರೆ ಈ ಪದ್ಧತಿಯವರು ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಬೇಕು.

ಕಮಿಷನ್ ಆದಾಯಕ್ಕೆ ಈ ಪದ್ಧತಿ ಅನ್ವಯಿಸುವುದಿಲ್ಲ. ಮಲ್ಪೆ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಮೀನನ್ನು ಏಲಂ ಮಾಡಿ ಕಮಿಷನ್ ಪಡೆಯುವವರು, ವಿಮಾ ಏಜೆಂಟರು ತಮ್ಮ ಖರ್ಚುಗಳ ಲೆಕ್ಕವಿಟ್ಟೇ ಲಾಭ ತೋರಿಸಬೇಕು. ಸಮುದ್ರ ಮೀನುಗಾರಿಕೆಯ ಆದಾಯವನ್ನು ಕೃಷಿ ಆದಾಯವೆಂದು ತಿಳಿದಿರುವ ದೋಣಿ ಮಾಲೀಕರೂ ಇದ್ದಾರೆ. ಅದು ವ್ಯಾಪಾರದ ಆದಾಯ. ಸ್ವಂತ ತೋಟದ ಅಡಿಕೆ ಕೃಷಿ ಆದಾಯವಾದರೆ, ಬೇರೆಯವರಿಂದ ಅಡಿಕೆ ಕೊಂಡು ಮಾರಿದ ಲಾಭ ವ್ಯಾಪಾರದ್ದು.

ರಿಟರ್ನ್ ಸಲ್ಲಿಸುವ ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯನ್ನು ತೆರೆದು ನೋಡಬೇಕು. ಜಿಎಸ್‌ಟಿ ರಿಟರ್ನ್‌ನ ವಹಿವಾಟು, ಠೇವಣಿ ಬಡ್ಡಿ, ಡೆಲಿವರಿ ಕಂಪನಿಗಳು ಕಡಿತ ಮಾಡಿದ ತೆರಿಗೆ ಎಲ್ಲವೂ ಅಲ್ಲಿರುತ್ತವೆ. ಜಿಎಸ್‌ಟಿಯಲ್ಲಿ ಒಂದು ವಹಿವಾಟು, ಆದಾಯ ತೆರಿಗೆಯಲ್ಲಿ ಇನ್ನೊಂದು ಎಂದಾದರೆ ಪ್ರಶ್ನೆ ಬರುವುದು ನಿಶ್ಚಿತ. ಒಬ್ಬರಿಂದ ಒಂದೇ ದಿನ ಅಥವಾ ಒಂದೇ ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ ಎಂಬುದನ್ನು ಮದುವೆ ಕಾಲದ ಜವಳಿ, ಚಿನ್ನ, ಪೀಠೋಪಕರಣ ವ್ಯಾಪಾರಿಗಳು ನೆನಪಿಡಬೇಕು.

ಎಂಟನೆಯ ಹೆಜ್ಜೆ: ಸ್ಥಳೀಯ ಪರವಾನಗಿಗಳು ಮತ್ತು ಉದ್ಯಮ್

ಮಹಾನಗರ ಪಾಲಿಕೆ, ನಗರಸಭೆ ಅಥವಾ ಪಂಚಾಯತ್‌ನ ಉದ್ದಿಮೆ ಪರವಾನಗಿ, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ನೋಂದಣಿ, ಆಹಾರ ವ್ಯಾಪಾರಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಇವು ಪ್ರತ್ಯೇಕವಾಗಿ ಬೇಕು. ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು. ವೃತ್ತಿ ತೆರಿಗೆಯಾಗಿ ಸ್ವಂತ ವ್ಯಾಪಾರದವರು ವರ್ಷಕ್ಕೆ 2,500 ರೂಪಾಯಿಯನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು. ಕೆಲಸದವರು 10 ಮಂದಿಯಾದರೆ ಇಎಸ್‌ಐ, 20 ಮಂದಿಯಾದರೆ ಭವಿಷ್ಯ ನಿಧಿ ಅನ್ವಯಿಸುತ್ತದೆ.

ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಉಚಿತ. ಅದಕ್ಕೆ ಹಣ ಕೇಳುವ ಜಾಲತಾಣಗಳು ಸರ್ಕಾರದ್ದಲ್ಲ. ಉತ್ಪಾದನೆ ಅಥವಾ ಸೇವೆಯಲ್ಲಿರುವ ಸಣ್ಣ ಘಟಕಗಳಿಗೆ ಇದರ ದೊಡ್ಡ ಪ್ರಯೋಜನವೆಂದರೆ ಬಾಕಿ ವಸೂಲಿ. ಸರಕು ಅಥವಾ ಸೇವೆ ಪಡೆದ ಕಂಪನಿ ಹೆಚ್ಚೆಂದರೆ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ, ಅಷ್ಟೇ ಅಲ್ಲದೆ ಹಣ ಕೊಡುವವರೆಗೆ ಆ ಖರ್ಚನ್ನು ತನ್ನ ಆದಾಯ ತೆರಿಗೆಯಲ್ಲಿ ಕಳೆಯಲೂ ಅದಕ್ಕೆ ಆಗುವುದಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನು ಮುದ್ರಿಸಿದರೆ ಗಿರಾಕಿ ಕಂಪನಿಯ ಲೆಕ್ಕ ವಿಭಾಗ ತಾನಾಗಿಯೇ ಎಚ್ಚೆತ್ತುಕೊಳ್ಳುತ್ತದೆ. ಬರಿಯ ಕೊಂಡು ಮಾರುವ ವ್ಯಾಪಾರಿಗಳಿಗೆ ಬಾಕಿ ವಸೂಲಿಯ ಈ ಸೌಲಭ್ಯವಿಲ್ಲ.

ನೋಟಿಸ್ ಬಂದರೆ, ವ್ಯಾಪಾರ ನಿಲ್ಲಿಸಿದರೆ

ನೋಟಿಸ್ ಬಂದಾಗ ಮೊದಲು ಅದು ನಿಜವಾದದ್ದೇ ಎಂದು ಪೋರ್ಟಲ್‌ನಲ್ಲಿ ಉಲ್ಲೇಖ ಸಂಖ್ಯೆಯ ಮೂಲಕ ಪರಿಶೀಲಿಸಬೇಕು. ಇಲಾಖೆಯವರು ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ, ಯಾರದೋ ಯುಪಿಐ ಸಂಖ್ಯೆಗೆ ಹಣ ಹಾಕಿ ಎನ್ನುವುದೂ ಇಲ್ಲ. ತೆರಿಗೆ ಕಟ್ಟುವುದು ಪೋರ್ಟಲ್‌ನ ಚಲನ್ ಮೂಲಕ ಮಾತ್ರ. ನಂತರ ನೋಟಿಸಿನಲ್ಲಿ ಯಾವ ವರ್ಷದ, ಯಾವ ಮೊತ್ತದ ಬಗ್ಗೆ ಕೇಳಿದ್ದಾರೆ ಎಂದು ಓದಿ, ಉತ್ತರಕ್ಕಿರುವ ಕೊನೆಯ ದಿನಾಂಕವನ್ನು ಗುರುತಿಸಿಕೊಳ್ಳಬೇಕು. ಬ್ಯಾಂಕ್ ಪಟ್ಟಿಯ ಪ್ರತಿ ಜಮೆಯ ಎದುರು ವ್ಯಾಪಾರ, ಸಾಲ, ಸಂಬಂಧಿಕರ ಹಣ, ವಿನಾಯಿತಿ ಸರಕು ಎಂದು ಗುರುತು ಹಾಕಿ, ದಿನವಹಿಯ ಪ್ರತಿಯನ್ನು ಜೊತೆಗಿಟ್ಟು ಲಿಖಿತ ಉತ್ತರ ಕೊಡಬೇಕು. ಮೌನವಾಗಿದ್ದರೆ ಅಧಿಕಾರಿ ತನ್ನಲ್ಲಿರುವ ಮಾಹಿತಿಯಿಂದಲೇ ಆದೇಶ ಹೊರಡಿಸುತ್ತಾರೆ. ಆ ಆದೇಶದ ವಿರುದ್ಧ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು, ಆದರೆ ವಿವಾದದಲ್ಲಿರುವ ತೆರಿಗೆಯ ಶೇಕಡಾ 10ನ್ನು ಮೊದಲೇ ಕಟ್ಟಬೇಕಾಗುತ್ತದೆ. ಮೊದಲ ನೋಟಿಸಿನ ಹಂತದಲ್ಲೇ ಆಡಿಟರನ್ನೋ ತೆರಿಗೆ ಸಲಹೆಗಾರರನ್ನೋ ಕಂಡರೆ ತಗಲುವ ಶುಲ್ಕ, ಮೇಲ್ಮನವಿಯ ಖರ್ಚಿನ ಮುಂದೆ ಬಹಳ ಸಣ್ಣದು.

ವ್ಯಾಪಾರವನ್ನು ನಿಲ್ಲಿಸುವವರು ಅಂಗಡಿಯ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸುವ ಮುನ್ನವೇ ಜಿಎಸ್‌ಟಿ ರದ್ದತಿಗೆ ಅರ್ಜಿ ಹಾಕಬೇಕು. ಉಳಿದ ದಾಸ್ತಾನಿನ ಮೇಲೆ ಪಡೆದಿದ್ದ ತೆರಿಗೆ ಜಮೆಯನ್ನು ಮರಳಿಸಿ, ರದ್ದತಿಯ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಅಂತಿಮ ರಿಟರ್ನ್ ಸಲ್ಲಿಸಬೇಕು. ಅಂಗಡಿ ಮುಚ್ಚಿ ಮುಂಬಯಿಗೋ ಗಲ್ಫ್‌ಗೋ ಹೋದವರ ಹೆಸರಿನಲ್ಲಿ ನೋಂದಣಿ ಹಾಗೆಯೇ ಉಳಿದರೆ, ಸಲ್ಲಿಸದ ಒಂದೊಂದು ರಿಟರ್ನ್‌ಗೂ ವಿಳಂಬ ಶುಲ್ಕ ಸೇರುತ್ತಾ ಹೋಗುತ್ತದೆ. ಊರಿಗೆ ಮರಳಿ ಅದೇ ಪಾನ್‌ನಲ್ಲಿ ಹೊಸ ನೋಂದಣಿ ಕೇಳಿದಾಗ ಹಳೆಯ ಬಾಕಿಯನ್ನು ತೀರಿಸಿ ಬರುವಂತೆ ಹೇಳುತ್ತಾರೆ.